ಹಾಲುಹಲ್ಲಿನ ಹುಳುಕು: ಮೊದಲೇ ಗುರುತಿಸುವುದು ಹೇಗೆ?

‘ಹಾಲುಹಲ್ಲು ಹೇಗೂ ಬಿದ್ದುಹೋಗುವಂಥದ್ದು, ಅದಕ್ಕೇಕೆ ಚಿಕಿತ್ಸೆ?’ ಎಂದು ಕೇಳುವ ತಂದೆತಾಯಿಯರು ಇಂದಿಗೂ ಕಡಿಮೆಯೇನಿಲ್ಲ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳತೊಡಗುವುದು ನಿಜ. ಆದರೆ ಅಗಿಯುವುದಕ್ಕೆ ಬೇಕಾದ ಹಾಲು ದವಡೆಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿರಬೇಕು. ಮೂರನೇ ವರ್ಷಕ್ಕೇ ಅವು ಹುಳುಕಾದರೆ ಮಗು ನೋವಿನಿಂದ ಊಟ ಬಿಡುತ್ತದೆ, ರಾತ್ರಿ ಎದ್ದು ಅಳುತ್ತದೆ, ಬೇರಿನಲ್ಲಿ ಕೀವು ತುಂಬಿ ಕೆನ್ನೆ ಊದಿಕೊಳ್ಳಬಹುದು. ಹಲ್ಲನ್ನು ಅವಧಿಗೆ ಮೊದಲೇ ಕೀಳಿಸಿದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿ, ಮುಂದೆ ಬರುವ ಶಾಶ್ವತ ಹಲ್ಲು ಸೊಟ್ಟಗಾಗುವ ಸಂಭವವಿದೆ.

ಸಮಾಧಾನದ ಸಂಗತಿಯೆಂದರೆ ಹುಳುಕು ರಾತ್ರೋರಾತ್ರಿ ಬರುವುದಿಲ್ಲ. ಹಲ್ಲಿನಲ್ಲಿ ಕುಳಿ ಬೀಳುವ ಮುನ್ನವೇ ಅದು ಸೂಚನೆ ಕೊಡುತ್ತದೆ. ನಿಮ್ಮ ಮಗುವಿಗೆ ಅಪಾಯ ಎಷ್ಟಿದೆ ಎಂಬುದನ್ನು ನೀವು ಮನೆಯಲ್ಲೇ ಸ್ಥೂಲವಾಗಿ ಅಂದಾಜು ಮಾಡಬಹುದು.

ಹುಳುಕಾಗುವುದು ಹೇಗೆ?

ಹೆಸರು ಹುಳುಕು ಎಂದಿದ್ದರೂ ಹಲ್ಲಿನೊಳಗೆ ಯಾವ ಹುಳುವೂ ಇರುವುದಿಲ್ಲ. ಹಲ್ಲಿನ ಮೇಲೆ ಕಟ್ಟಿಕೊಳ್ಳುವ ಅಂಟಂಟಾದ ಪದರದಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ನಾವು ತಿಂದ ಸಕ್ಕರೆಯನ್ನು ಅವು ಆಮ್ಲವನ್ನಾಗಿ ಮಾಡುತ್ತವೆ. ಈ ಆಮ್ಲವು ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ ಮುಂತಾದ ಲವಣಗಳನ್ನು ಕರಗಿಸುತ್ತದೆ. ಹಾಲುಹಲ್ಲಿನ ಎನಾಮೆಲ್ ತೆಳುವಾದುದರಿಂದ ಹುಳುಕು ಬೇಗ ಒಳಕ್ಕಿಳಿಯುತ್ತದೆ.

ಒಂದು ಸಲ ಸಿಹಿ ತಿಂದರೆ ಸುಮಾರು ಅರ್ಧ ಗಂಟೆ ಈ ಆಮ್ಲದ ಪ್ರಭಾವವಿರುತ್ತದೆ. ನಂತರ ಜೊಲ್ಲು ಅದನ್ನು ತೊಳೆದು, ಕಳೆದುಹೋದ ಲವಣವನ್ನು ಸ್ವಲ್ಪಮಟ್ಟಿಗೆ ಮತ್ತೆ ತುಂಬುತ್ತದೆ. ಆದ್ದರಿಂದ ಮಗು ಎಷ್ಟು ಸಿಹಿ ತಿಂದಿತು ಎನ್ನುವಷ್ಟೇ, ದಿನಕ್ಕೆ ಎಷ್ಟು ಸಲ ತಿಂದಿತು ಎನ್ನುವುದೂ ಮುಖ್ಯ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹಳ ಕಡಿಮೆ. ರಾತ್ರಿಯ ಸಿಹಿಹಾಲು ಹೆಚ್ಚು ಹಾನಿ ಮಾಡುವುದು ಇದೇ ಕಾರಣಕ್ಕೆ.

ತುಟಿ ಎತ್ತಿ ನೋಡಿ

ತಿಂಗಳಿಗೊಮ್ಮೆ ಮಗುವನ್ನು ಬೆಳಕಿರುವ ಕಡೆ ತೊಡೆಯ ಮೇಲೆ ಮಲಗಿಸಿಕೊಳ್ಳಿ. ಮೇಲ್ತುಟಿಯನ್ನು ಮೆಲ್ಲಗೆ ಎತ್ತಿ, ಮುಂದಿನ ಹಲ್ಲುಗಳನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ ನೋಡಿ. ಒಸಡಿನ ಅಂಚಿನುದ್ದಕ್ಕೂ ಸುಣ್ಣ ಬಳಿದಂತೆ ಹೊಳಪಿಲ್ಲದ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹಂತ. ಈ ಹಂತದಲ್ಲಿ ನೋವಿರುವುದಿಲ್ಲ, ಸರಿಯಾದ ಆರೈಕೆಯಿಂದ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಗೆರೆ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ ಕುಳಿ ಬಿದ್ದ ಮೇಲೆ ಹಲ್ಲು ತಾನಾಗಿ ಮೊದಲಿನಂತಾಗುವುದಿಲ್ಲ. ದವಡೆಹಲ್ಲುಗಳ ಮೇಲಿನ ಗೀರುಗಳನ್ನೂ ನೋಡಲು ಮರೆಯಬೇಡಿ.

ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಮಗು ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತದೆಯೇ? ನಿಪ್ಪಲ್ಲನ್ನು ಜೇನುತುಪ್ಪ ಅಥವಾ ಸಕ್ಕರೆಯಲ್ಲಿ ಅದ್ದಿ ಕೊಡುವ ರೂಢಿಯಿದೆಯೇ?

2. ಊಟ ತಿಂಡಿಗಳ ನಡುವೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಬಿಸ್ಕತ್ತು, ಚಾಕೊಲೇಟು, ಸಿಹಿ ಪಾನೀಯ ಕೊಡುತ್ತೀರಾ?

3. ತಾಯಿಗೆ, ಮಗುವನ್ನು ನೋಡಿಕೊಳ್ಳುವವರಿಗೆ ಅಥವಾ ಅಣ್ಣ ಅಕ್ಕಂದಿರಿಗೆ ಹುಳುಕು ಹಲ್ಲು ಇದೆಯೇ? ಹುಳುಕಿನ ಬ್ಯಾಕ್ಟೀರಿಯಾ ದೊಡ್ಡವರ ಎಂಜಲಿನ ಮೂಲಕ ಮಗುವಿನ ಬಾಯಿ ಸೇರುತ್ತದೆ.

4. ಮಗು ಸಿಹಿಯಾದ ಸಿರಪ್ ಔಷಧಿಯನ್ನು ಬಹುಕಾಲದಿಂದ ಕುಡಿಯುತ್ತಿದೆಯೇ?

5. ಹಲ್ಲುಜ್ಜುವ ಕೆಲಸವನ್ನು ಮಗುವಿಗೇ ಬಿಟ್ಟಿದ್ದೀರಾ?

ಇವುಗಳಲ್ಲಿ ಯಾವುದಕ್ಕೆ ‘ಹೌದು’ ಎಂದರೂ ಎಚ್ಚರ ವಹಿಸಬೇಕು. ‘ಹೌದು’ಗಳು ಹೆಚ್ಚಿದಂತೆ ಅಪಾಯವೂ ಹೆಚ್ಚು. ಹಲ್ಲಿನ ಮೇಲೆ ಬಿಳಿ ಗೆರೆಯೋ ಕುಳಿಯೋ ಇದ್ದರಂತೂ ಉಳಿದ ಉತ್ತರಗಳು ಏನೇ ಇರಲಿ, ಮಗುವನ್ನು ಬೇಗ ದಂತವೈದ್ಯರಿಗೆ ತೋರಿಸಿ.

ಏನು ಮಾಡಬೇಕು?

ವರ್ಷ ತುಂಬಿದ ಮಗುವಿಗೆ ಬಾಟಲಿ ಬಿಡಿಸಿ ಲೋಟದ ಅಭ್ಯಾಸ ಮಾಡಿಸಿ. ಹಟ ಹಿಡಿದರೆ ಹಾಲಿಗೆ ಹಾಕುವ ಸಕ್ಕರೆಯನ್ನು ದಿನೇ ದಿನೇ ಕಡಿಮೆ ಮಾಡುತ್ತ, ಕೊನೆಗೆ ಮಲಗುವಾಗಿನ ಬಾಟಲಿಯಲ್ಲಿ ಬರೀ ನೀರು ಕೊಡಿ. ಹುಳುಕಿಗೆ ಹೆದರಿ ಎದೆಹಾಲು ಬಿಡಿಸಬೇಕಾಗಿಲ್ಲ. ಹಲ್ಲು ಬಂದ ಮೇಲೆ ಹಾಲು ಕುಡಿಸಿ ಒದ್ದೆ ಬಟ್ಟೆಯಿಂದ ಹಲ್ಲು ಒರೆಸಿದರೆ ಒಳ್ಳೆಯದು. ಸಿಹಿ ಕೊಡುವುದಿದ್ದರೆ ಊಟದ ಜೊತೆಗೇ ಕೊಡಿ.

ಮೊದಲ ಹಲ್ಲು ಕಂಡಂದಿನಿಂದಲೇ ದಿನಕ್ಕೆ ಎರಡು ಸಲ ಹಲ್ಲುಜ್ಜಿಸಿ. ಅದರಲ್ಲೂ ರಾತ್ರಿ ತಪ್ಪಿಸಬೇಡಿ. ಸುಮಾರು 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟನ್ನು 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು ಹಚ್ಚಿದರೆ ಸಾಕು. ಏಳು ವರ್ಷದವರೆಗೂ ದೊಡ್ಡವರು ಜೊತೆಗಿದ್ದು ಉಜ್ಜಿಸಬೇಕು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಂತೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿರುವ ಊರುಗಳಿವೆ. ಅಂಥ ಕಡೆಯವರು ಯಾವ ಪೇಸ್ಟ್ ಬಳಸಬೇಕೆಂದು ದಂತವೈದ್ಯರನ್ನು ಕೇಳಿಕೊಳ್ಳುವುದು ಕ್ಷೇಮ.

ಮಗುವನ್ನು ದಂತವೈದ್ಯರ ಬಳಿ ಮೊದಲು ಕರೆದೊಯ್ಯಬೇಕಾದುದು ನೋವು ಬಂದಾಗ ಅಲ್ಲ, ಮೊದಲ ಹುಟ್ಟುಹಬ್ಬದೊಳಗೆ. ಅಪಾಯ ಹೆಚ್ಚಿರುವ ಮಗುವಿಗೆ ಅವರು 3ರಿಂದ 6 ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ. ಕುಳಿ ಬಿದ್ದಿದ್ದರೂ ಕೊರೆಯದೆ ಹುಳುಕನ್ನು ತಡೆಯುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣ ಈಗ ಬಳಕೆಯಲ್ಲಿದೆ. ಹಚ್ಚಿದ ಜಾಗ ಕಪ್ಪಾಗುತ್ತದೆಂಬುದನ್ನು ಮೊದಲೇ ತಿಳಿದಿರಿ.

ನೋವು ಬರುವವರೆಗೆ ಕಾದರೆ ಚಿಕಿತ್ಸೆಯ ಖರ್ಚೂ ಹೆಚ್ಚು, ಮಗುವಿಗೆ ಹಿಂಸೆಯೂ ಹೆಚ್ಚು. ಬಿಳಿ ಗೆರೆ ಇರುವಾಗಲೇ ಎಚ್ಚೆತ್ತರೆ ಬ್ರಷ್ಷು, ಪೇಸ್ಟು ಮತ್ತು ನಿಮ್ಮ ಎರಡು ನಿಮಿಷದ ಗಮನದಿಂದ ಬಹಳಷ್ಟು ಸಾಧ್ಯ. ಇಂದು ರಾತ್ರಿ ಮಗುವನ್ನು ಮಲಗಿಸುವ ಮುನ್ನ ಒಮ್ಮೆ ತುಟಿ ಎತ್ತಿ ನೋಡಿ.