ಹಳೆಯ ಗೋಡೆಗೆ ಹೊಸ ಕೋಣೆ

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ ಮನೆಗೊಂದು ಕೋಣೆ ಕೂಡಿಸುವ ವಿಚಾರ ನಮ್ಮ ನ್ಯಾಲ್ಕಲ್ ಕಡೆಯ ರೈತರಲ್ಲಿ ಏಳುವುದು ಸಹಜ. ಆದರೆ ಗೌಂಡಿಯನ್ನು ಕರೆಯುವ ಮೊದಲು ಹಳೆಯ ಗೋಡೆಯ ಬುಡವನ್ನು ನೋಡಬೇಕು. ನಾವು ನೋಡದೆ ಕೆಟ್ಟೆವು. ಎರೆಮಣ್ಣಿನಲ್ಲಿ ಹಳೆಯ ಬುನಾದಿಗಿಂತ ಆಳಕ್ಕೆ, ಗೋಡೆಯುದ್ದಕ್ಕೂ ಒಮ್ಮೆಲೇ ಅಗೆಸಿದೆವು. ಮಳೆಗಾಲ ಕಳೆಯುವುದರೊಳಗೆ ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತು.

ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಕೆಂಪು ಗರಸಿಗೆ ಈ ಚಾಳಿ ಕಡಿಮೆ. ಆದುದರಿಂದ ಬೇಸಿಗೆಯಲ್ಲಿ ಗೋಡೆಯ ಮಗ್ಗುಲಿಗೆ ಒಂದು ಸಣ್ಣ ಗುಂಡಿ ತೋಡಿ, ಬುನಾದಿಯ ಕೊನೆಯ ಕಲ್ಲು ಎಲ್ಲಿದೆ, ಅದರ ಕೆಳಗಿರುವುದು ಎರೆಯೋ ಗರಸೋ ನೋಡಿರಿ. ನೋಡಿದ ಮೇಲೆ ಗುಂಡಿಯನ್ನು ದಮ್ಮಸು ಮಾಡಿ ಮುಚ್ಚಿರಿ. ಬಿರುಕಿದ್ದಲ್ಲಿ ಅದರ ಮೇಲೆ ಅಡ್ಡಲಾಗಿ ತೆಳುವಾಗಿ ಗಾರೆ ಬಳಿದು ತಾರೀಖು ಬರೆದಿಡಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಅದು ಒಡೆಯದಿದ್ದರೆ ಗೋಡೆಯ ಚಲನೆ ನಿಂತಿದೆಯೆಂದು ತಿಳಿಯಬಹುದು.

ಹಳೆಯದಕ್ಕಿಂತ ಆಳ ಹೋಗಲೇಬೇಕಾದರೆ ನಾಲ್ಕು ನಾಲ್ಕು ಅಡಿಯಷ್ಟೇ ಅಗೆದು, ಕಟ್ಟಿ, ಮುಂದೆ ಸಾಗಿರಿ. ಹೊಸ ಗೋಡೆಯನ್ನು ಹಳೆಯದಕ್ಕೆ ಹೆಣೆಯದೆ ನಡುವೆ ಅಂಗುಲದ ಸಂದು ಬಿಡಿರಿ.

ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಯ ಮೇಲೆ ಮಹಡಿ ಏರಿಸುವ ಮಾತಂತೂ ಬೇಡ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಮಲಗಿದವರ ಮೇಲೆ ಕುಸಿದವು ಇಂಥ ಗೋಡೆಗಳೇ.