ಟೈಟಾನಿಕ್ ಸಮುದ್ರದ ತಳದಲ್ಲಿ ಸುಮ್ನೆ ಮಲಗಿಲ್ಲ, ಕರಗ್ತಾ ಇದೆ

ಹೊಸದುರ್ಗಕ್ಕೆ ಸಮುದ್ರ ದೂರ. ಆದ್ರೂ ಇವತ್ತಿನ ವಿಷಯವನ್ನ ನಮ್ಮ ತೋಟದಿಂದಲೇ ಶುರು ಮಾಡಬಹುದು. ಬೋರ್‌ವೆಲ್ ಮೋಟಾರ್ ಮೇಲೆತ್ತಿದಾಗ ಕಬ್ಬಿಣದ ಪೈಪಿಗೆ ಕೆಂಪು ಲೋಳೆ ಅಂಟಿರೋದನ್ನ ನೋಡಿರ್ತೀರಿ. ಎಷ್ಟೋ ಸಲ ಅದು ಬರೀ ತುಕ್ಕಲ್ಲ, ಕಬ್ಬಿಣವನ್ನ ನೆಚ್ಚಿ ಬದುಕೋ ಬ್ಯಾಕ್ಟೀರಿಯಾಗಳ ಕೆಲಸ. ಜಾತಿ ಬೇರೆ ಇರಬಹುದು, ಆದ್ರೆ ಟೈಟಾನಿಕ್ ಹಡಗನ್ನೂ ಬ್ಯಾಕ್ಟೀರಿಯಾಗಳೇ ತಿಂತಾ ಇವೆ.

1912ರ ಏಪ್ರಿಲ್ 15ರಂದು ಮುಳುಗಿದ ಈ ಹಡಗು ಪತ್ತೆಯಾಗಿದ್ದು 1985ರಲ್ಲಿ, ಸುಮಾರು 3,800 ಮೀಟರ್ ಆಳದಲ್ಲಿ. ಅದು ಎರಡು ತುಂಡಾಗಿತ್ತು, ತುಂಡುಗಳ ನಡುವೆ ಸುಮಾರು 600 ಮೀಟರ್ ಅಂತರ. ಮುಂಭಾಗದಲ್ಲಿ ಮುಳುಗೋ ಮೊದಲೇ ನೀರು ತುಂಬಿತ್ತು, ಹಾಗಾಗಿ ಅದು ಹೆಚ್ಚುಕಮ್ಮಿ ತನ್ನ ಆಕಾರದಲ್ಲೇ ತಳ ಸೇರಿತು. ಹಿಂಭಾಗದಲ್ಲಿ ಇನ್ನೂ ಗಾಳಿ ಉಳಿದಿತ್ತು. ಇಳೀತಾ ಇಳೀತಾ ನೀರಿನ ಒತ್ತಡಕ್ಕೆ ಅದು ನಜ್ಜುಗುಜ್ಜಾಯಿತು.

ಆಮೇಲಿನ ಕೆಲಸ ನಿಧಾನದ್ದು. ಉಕ್ಕಿನ ಮೇಲೆ ಬೆಳೆದ ತುಕ್ಕು ಆಲದ ಬಿಳಲಿನ ಹಾಗೆ ಜೋತಾಡುತ್ತೆ. ಮುಟ್ಟಿದ್ರೆ ಪುಡಿ ಪುಡಿ. 1991ರಲ್ಲಿ ತಂದ ಇಂಥ ತುಕ್ಕಿನಲ್ಲಿ ಹೊಸ ಬ್ಯಾಕ್ಟೀರಿಯಾ ಒಂದು ಸಿಕ್ಕಿತು. 2010ರಲ್ಲಿ ವಿಜ್ಞಾನಿಗಳು ಅದಕ್ಕೆ 'ಹ್ಯಾಲೊಮೊನಾಸ್ ಟೈಟಾನಿಕೇ' ಅಂತ ಹಡಗಿನ ಹೆಸರನ್ನೇ ಇಟ್ಟರು. ಉಪ್ಪುನೀರು, ಒಳಹರಿವು, ಈ ಜೀವಿಗಳು, ಮೂರೂ ಸೇರಿ ತಗಡನ್ನ ತೆಳುವಾಗಿಸ್ತವೆ. ಕೊನೆಗೆ ಅದು ತನ್ನ ಭಾರಕ್ಕೆ ತಾನೇ ಕುಸಿಯುತ್ತೆ. ಮುಂಭಾಗದ ಕಟಕಟೆಯ ಸುಮಾರು ನಾಲ್ಕೂವರೆ ಮೀಟರ್ ಭಾಗ ಕಳಚಿ ಬಿದ್ದಿರೋದು 2024ರಲ್ಲಿ ಕಂಡುಬಂತು.

ಎಲ್ಲ ಹಡಗಿಗೂ ಇದೇ ಗತಿನಾ? ಇಲ್ಲ. 1915ರಲ್ಲಿ ಅಂಟಾರ್ಕ್ಟಿಕಾದಲ್ಲಿ ಮುಳುಗಿದ 'ಎಂಡ್ಯೂರೆನ್ಸ್' ಮರದ ಹಡಗು. 2022ರಲ್ಲಿ ಸಿಕ್ಕಾಗ ಹಿಂಭಾಗದಲ್ಲಿ ಅದರ ಹೆಸರನ್ನ ಇನ್ನೂ ಓದಬಹುದಿತ್ತು. ಮರ ಕೊರೆಯೋ ಹುಳುಗಳು ಅಲ್ಲಿಲ್ಲ. ಅಂದ್ರೆ ಯಾವುದರಿಂದ ಕಟ್ಟಿದ್ದು, ಎಲ್ಲಿ ಮುಳುಗಿತು, ಅಲ್ಲಿ ಯಾವ ಜೀವಿಗಳಿವೆ ಅನ್ನೋದರ ಮೇಲೆ ಹಡಗಿನ ಆಯಸ್ಸು ನಿಂತಿದೆ.

ಈಗ ನಮ್ಮ ಕರಾವಳಿಗೆ ಬರೋಣ. 2022ರ ಜೂನ್‌ನಲ್ಲಿ ಮಂಗಳೂರಿನ ಪಕ್ಕ, ಉಳ್ಳಾಲದ ಹತ್ತಿರ 'ಪ್ರಿನ್ಸೆಸ್ ಮಿರಾಲ್' ಅನ್ನೋ ಸರಕು ಹಡಗಿಗೆ ನೀರು ನುಗ್ಗಿ ಅದು ಮುಳುಗಿತು. ಸುಮಾರು 8,000 ಟನ್ ಉಕ್ಕಿನ ಸುರುಳಿಗಳು ಅದರಲ್ಲಿದ್ದವು. ಸಿರಿಯಾದ 15 ಸಿಬ್ಬಂದಿಯನ್ನ ಕೋಸ್ಟ್ ಗಾರ್ಡ್ ಕಾಪಾಡಿತು. ದಡದ ಹತ್ತಿರ ನೀರು ಬೆಚ್ಚಗಿರುತ್ತೆ, ಆಮ್ಲಜನಕ ಜಾಸ್ತಿ, ಮಳೆಗಾಲದ ಅಲೆಗಳ ಹೊಡೆತ ಬೇರೆ. ಇಂಥ ಕಡೆ ಕಬ್ಬಿಣ ಬೇಗ ಹಾಳಾಗುತ್ತೆ. ಹಡಗಿನ ಟ್ಯಾಂಕಿನಲ್ಲಿ ಎಣ್ಣೆ ಉಳಿದಿದ್ರೆ ಅದನ್ನ ತಡೆದಿರೋದೂ ಅದೇ ತುಕ್ಕು ಹಿಡಿಯೋ ತಗಡು. ಅದು ತೂತಾದ್ರೆ ಮೊದಲ ಪೆಟ್ಟು ಮೀನಿಗೆ, ಮೀನುಗಾರರಿಗೆ. ಅದಕ್ಕೇ ದಡದ ಹತ್ತಿರ ಹಡಗು ಮುಳುಗಿದಾಗ ಮೊದಲು ಕೇಳಬೇಕಾದ ಪ್ರಶ್ನೆ: ಎಣ್ಣೆ ಹೊರತೆಗೆದ್ರಾ?

ಟೈಟಾನಿಕ್ ಕರಗೋದನ್ನ ತಡೆಯೋಕಾಗಲ್ಲ. ಅದಕ್ಕೇ 2022ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದು ಅದರ ಪೂರ್ತಿ ತ್ರೀಡಿ ರೂಪ ಸಿದ್ಧಮಾಡಿದ್ದಾರೆ. ಮುಂದೆ ಹಡಗು ಇಲ್ಲದಿದ್ರೂ ಅದರ ಅಳತೆ ಉಳಿಯುತ್ತೆ.