ನಿಮಗಿದು ಗೊತ್ತೆ? ಕುದುರೆಯೇರಿದ ಮಾರ್ಷಲ್

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ನಡುಮಧ್ಯೆ ಕಂಚಿನ ಕುದುರೆಯ ಮೇಲೆ ಕುಳಿತಿರುವವರು ಮಾರ್ಷಲ್ ಮ್ಯಾನರ್‌ಹೈಮ್. ದೇಶದ ಸ್ವಾತಂತ್ರ್ಯದ ಕಾವಲುಗಾರನೆಂದು ಹೆಸರಾದ ಇವರು ಅದಕ್ಕೂ ಮೊದಲು ಸುಮಾರು 30 ವರ್ಷ ದುಡಿದದ್ದು ರಷ್ಯಾದ ತ್ಸಾರ್‌ನ ಸೇನೆಯಲ್ಲಿ!

1917ರಲ್ಲಿ ಫಿನ್ಲೆಂಡ್ ಸ್ವತಂತ್ರವಾಯಿತು. ಮರುವರ್ಷವೇ ಅಂತರ್ಯುದ್ಧ. ಮ್ಯಾನರ್‌ಹೈಮ್ ಸರ್ಕಾರದ ಪರದ 'ಬಿಳಿ' ಪಡೆಯ ದಂಡನಾಯಕ. ಸೋತವರು ಎಡಪಂಥೀಯ 'ಕೆಂಪು' ಪಡೆಯ ಕಾರ್ಮಿಕರು. ಸತ್ತವರು 35 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹಳ ಮಂದಿ ಸತ್ತದ್ದು ರಣರಂಗದಲ್ಲಲ್ಲ, ಮರಣದಂಡನೆಗೆ ಗುರಿಯಾಗಿ ಇಲ್ಲವೇ ಸೆರೆಶಿಬಿರಗಳಲ್ಲಿ ಹಸಿವು, ರೋಗಗಳಿಂದ. ಹಾಗಾಗಿ ಒಂದು ಮನೆಗೆ ವೀರನಾದವನು ಪಕ್ಕದ ಮನೆಗೆ ಕಟುಕನಾದ. ಎರಡನೇ ಮಹಾಯುದ್ಧದಲ್ಲಿ ಮಾರ್ಷಲ್ ಸೋವಿಯತ್ ಸೇನೆಯನ್ನು ಎದುರಿಸಿದ ಮೇಲೆ ಈ ಮುನಿಸು ತಗ್ಗಿತು, ಪೂರ್ತಿ ಹೋಗಲಿಲ್ಲ.

ಶಿಲ್ಪಿ ಐಮೊ ತುಕಿಯಾಯ್ನೆನ್ ರೂಪಿಸಿದ ಈ ಪ್ರತಿಮೆ ಅನಾವರಣಗೊಂಡದ್ದು 1960ರ ಜೂನ್ 4ರಂದು, ಮಾರ್ಷಲ್ ಹುಟ್ಟುಹಬ್ಬದ ದಿನ. 1990ರ ದಶಕದಲ್ಲಿ ಪಕ್ಕದಲ್ಲೇ ಕಿಯಾಸ್ಮಾ ಕಲಾ ಸಂಗ್ರಹಾಲಯ ಕಟ್ಟಲು ಹೊರಟಾಗ, ಅದರೆದುರು ಮಾರ್ಷಲ್ ಮಂಕಾಗುತ್ತಾರೆಂದು ಜಗಳ ಎದ್ದಿತು. ಆದರೂ ಸಂಗ್ರಹಾಲಯ 1998ರಲ್ಲಿ ತೆರೆಯಿತು.

ಫಿನ್ಲೆಂಡಿನದೇ ತಾಂಪೆರೆ ನಗರದ ಪ್ರತಿಮೆಯ ಕಥೆ ಇನ್ನೂ ಖಾರ. ಅದು ಕಾರ್ಮಿಕರ ಊರು, 1918ರ ಭೀಕರ ಕಾಳಗ ಕಂಡ ಊರು. ಅಲ್ಲಿನ ಮ್ಯಾನರ್‌ಹೈಮ್ ಪ್ರತಿಮೆಗೆ (ಇಲ್ಲಿ ಕುದುರೆಯಿಲ್ಲ) ನಗರದ ನಡುವೆ ಜಾಗ ಸಿಗಲಿಲ್ಲ. 1956ರಲ್ಲಿ ಅದನ್ನು ಹೊರವಲಯದ ಲೆಯ್ನೋಲಾದ ಕಾಡಿನಲ್ಲಿ ನಿಲ್ಲಿಸಿದರು. ಅಲ್ಲಿಗೂ ಹೋಗಿ ಕೆಂಪು ಬಣ್ಣ ಸುರಿದವರಿದ್ದಾರೆ!